ಭಾನುವಾರ ತೆರೆಯದ ಟಾಪು

ತಿಮ್ಮಯ್ಯನವರ ಕಾರಿನ ಟಾಪು ಸೋಮವಾರದಿಂದ ಶನಿವಾರದವರೆಗೆ ಹೇಳಿದ ಮಾತು ಕೇಳುತ್ತಿತ್ತು. ಭಾನುವಾರ ಮಾತ್ರ ಹಟ ಹಿಡಿಯುತ್ತಿತ್ತು.

ರಾಜಾಜಿನಗರದಲ್ಲಿ ಕಾರ್ಖಾನೆಗಳ ಶೆಡ್ಡುಗಳು ಒಂದೊಂದಾಗಿ ಏಳುತ್ತಿದ್ದ ಐವತ್ತೈದನೆಯ ಇಸವಿ. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ತಿಮ್ಮಯ್ಯ ಇಟ್ಟಿಗೆ ವ್ಯಾಪಾರ ಹಿಡಿದು ಚೆನ್ನಾಗಿಯೇ ಕುದುರಿಕೊಂಡಿದ್ದರು. ಆ ವರ್ಷ ಯಾವುದೋ ಜಮೀನ್ದಾರರ ಮನೆಯಿಂದ ತಿಳಿಹಸಿರು ಬಣ್ಣದ ಅಮೆರಿಕನ್ ಕಾರೊಂದನ್ನು ಕೊಂಡು ತಂದರು. ಅದರ ಬಟ್ಟೆಯ ಟಾಪನ್ನು ಯಾರೂ ಕೈಯಿಂದ ಮಡಚಬೇಕಾಗಿರಲಿಲ್ಲ. ಕಾರು ನಿಲ್ಲಿಸಿ ಸ್ವಿಚ್ಚು ಎಳೆದರೆ ಹಿಂದಿನ ಸೀಟಿನ ಬೆನ್ನಿಗಿದ್ದ ಮೋಟಾರು ಗುಂಯ್ ಎಂದು ಎಣ್ಣೆ ತಳ್ಳುತ್ತಿತ್ತು. ಟಾಪು ತಾನಾಗಿ ಎದ್ದು, ಹಿಂದಕ್ಕೆ ಬಾಗಿ, ಮಡಚಿಕೊಂಡು ಕೂರುತ್ತಿತ್ತು. ಅದನ್ನು ನೋಡಲು ಮೂಡಲಪಾಳ್ಯದಿಂದಲೂ ಜನ ನಡೆದು ಬಂದಿದ್ದರು.

ಆದರೆ ಭಾನುವಾರ ಹೆಂಡತಿ ಲಿಂಗಮ್ಮನನ್ನು ಕೂರಿಸಿಕೊಂಡು ನೆಂಟರ ಊರಿಗೆ ಹೋಗಿ, ಸರಿಯಾಗಿ ಅವರ ಬಾಗಿಲ ಮುಂದೆ ಸ್ವಿಚ್ಚು ಎಳೆದರೆ ಟಾಪು ಮಿಸುಕುತ್ತಿರಲಿಲ್ಲ. ಹೀಗೆ ಮೂರು ವಾರ ಆಯಿತು.

ಮೂರು ಸೋಮವಾರವೂ ಕಾರು ಮೆಕ್ಯಾನಿಕ್ ರೇವಣಸಿದ್ದಪ್ಪನ ಶೆಡ್ಡಿಗೆ ಬಂತು. ಹರಿಹರದ ಕಡೆಯ ರೇವಣಸಿದ್ದಪ್ಪ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಮೇಲೆ ಕೆಲಸ ಕಲಿತವನು. ಬ್ಯಾಟರಿ ನೋಡಿದ, ಫ್ಯೂಸು ನೋಡಿದ, ಎಣ್ಣೆಯ ಪೈಪುಗಳನ್ನು ಬೆರಳಲ್ಲಿ ತಡವಿದ. ಎಲ್ಲವೂ ಸರಿಯಾಗಿತ್ತು. ಸ್ವಿಚ್ಚು ಎಳೆದರೆ ಟಾಪು ಸಾಧು ಹಸುವಿನಂತೆ ಮಡಚಿಕೊಂಡಿತು.

"ನಿನ್ ಮುಂದೆ ಮಾತ್ರ ನಾಟ್ಕ ಆಡುತ್ತೆ," ಎಂದರು ತಿಮ್ಮಯ್ಯ. "ಇನ್ನೊಂದ್ ಸಲ ಕೈ ಕೊಟ್ರೆ ದಂಡಿನ ಕಡೆ ದೊಡ್ ಗ್ಯಾರೇಜಿಗೆ ಕೊಡ್ತೀನಿ, ನೋಡು."

ರೇವಣಸಿದ್ದಪ್ಪನಿಗೆ ಅದು ಚುಚ್ಚಿತು. "ಹಂಗ್ ಮಾಡ್ಬ್ಯಾಡ್ರಿ, ಗೌಡ್ರೇ. ಈ ಭಾನುವಾರ ನಾನೂ ನಿಮ್ ಜೊತೆ ಬರ್ತೀನಿ," ಎಂದ.

ಭಾನುವಾರ ಅವನು ಉಪಕರಣದ ಚೀಲ ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತ. ಮುಂದೆ ಲಿಂಗಮ್ಮ ಜರಿಸೀರೆ ಉಟ್ಟು, ಮಡಿಲಲ್ಲಿ ಎಲೆಅಡಿಕೆ ಚೀಲ ಇಟ್ಟುಕೊಂಡು ಕೂತಿದ್ದಳು. ಕೆಂಗೇರಿಯಲ್ಲಿ ತಿಮ್ಮಯ್ಯ ತಮ್ಮ ಷಡ್ಡಕ ದೊಡ್ಡಣ್ಣನ ಮನೆಯ ಮುಂದೆ ನಿಲ್ಲಿಸಿ ಮೂರು ಸಲ ಹಾರ್ನ್ ಹೊಡೆದರು. ಜಗುಲಿ ತುಂಬಿತು. ಸ್ವಿಚ್ಚು ಎಳೆದರು. ಗುಂಯ್ ಎನ್ನುವ ಸದ್ದೇ ಇಲ್ಲ.

"ಟಾಪಿಗೂ ಭಾನುವಾರ ರಜಾನೇನೋ, ಭಾವ," ಎಂದ ದೊಡ್ಡಣ್ಣ ಜಗುಲಿಯಿಂದಲೇ. ತಿಮ್ಮಯ್ಯ ಮುಖ ಕೆಂಪಗೆ ಮಾಡಿಕೊಂಡು ಇಳಿದು ಒಳಗೆ ಹೋದರು. ಜನವೂ ಚದುರಿತು. ಲಿಂಗಮ್ಮ ಮಾತ್ರ, "ತಲೆ ಸುತ್ತಿದಂಗಾಗ್ತದೆ, ಒಸಿ ಕೂತ್ಕಂಡು ಬರ್ತೀನಿ," ಎಂದು ಕಾರಿನಲ್ಲೇ ಉಳಿದಳು.

ಮೋಟಾರಿನ ಸದ್ದಿಲ್ಲ ಎಂದರೆ ಕರೆಂಟು ತಲುಪುತ್ತಿಲ್ಲ ಎಂದು ಅರ್ಥ. ರೇವಣಸಿದ್ದಪ್ಪ ಸೀಟಿನ ಬೆನ್ನು ಕಿತ್ತು ಬಗ್ಗಿ ನೋಡಿದ. ಮೋಟಾರಿನಿಂದ ಕಾರಿನ ಮೈಗೆ ಬಿಗಿಯುವ ಕರಿ ವೈರು ಬಿಚ್ಚಿಕೊಂಡು ನೇತಾಡುತ್ತಿತ್ತು. ಸುಟ್ಟ ಗುರುತಿಲ್ಲ, ಹರಿದಿಲ್ಲ. ನಟ್ಟು ಬಿದ್ದಿರಬೇಕೆಂದು ಕೆಳಗೆಲ್ಲ ತಡಕಾಡಿದ, ಸಿಗಲಿಲ್ಲ. ವೈರಿನ ತುದಿಯನ್ನು ಬೆಳಕಿಗೆ ಹಿಡಿದ. ಅದಕ್ಕೆ ಸುಣ್ಣ ಮೆತ್ತಿತ್ತು.

ಅವನು ನಿಧಾನವಾಗಿ ತಲೆ ಎತ್ತಿದ. ಕನ್ನಡಿಯಲ್ಲಿ ಲಿಂಗಮ್ಮನ ಕಣ್ಣು ಅವನನ್ನೇ ನೋಡುತ್ತಿತ್ತು.

"ನಟ್ಟು ಕಾಣ್ತಿಲ್ರೀ, ಅಮ್ಮಾ."

ಲಿಂಗಮ್ಮ ಎಲೆಅಡಿಕೆ ಚೀಲ ಬಿಚ್ಚಿ, ಅಡಿಕೆ ಚೂರುಗಳ ನಡುವಿನಿಂದ ನಟ್ಟನ್ನು ಆರಿಸಿ ಅವನ ಅಂಗೈಗೆ ಹಾಕಿದಳು.

"ನಿಮಗೆ ಇದನ್ನ ಯಾರ್ ಹೇಳ್ಕೊಟ್ರು?"

"ನೀವೇ ಅಲ್ವಾ. ಮೊದ್ಲನೇ ದಿನ ನಮ್ಮಂಗಳದಲ್ಲಿ ಇವ್ರಿಗೆ ತೋರ್ಸುವಾಗ ಹೇಳಿದ್ರಲ್ಲ, ಈ ಕರಿ ವೈರು ಬಿಟ್ರೆ ಬೆಟ್ಟ ಅಲ್ಲಾಡಿದ್ರೂ ಟಾಪು ಅಲ್ಲಾಡಲ್ಲ ಅಂತ. ನಾನು ಕಂಬದ ಹಿಂದೆ ನಿಂತಿದ್ದೆ. ಭಾನುವಾರ ಹೊರಡೋಕ್ ಮುಂಚೆ ಬಿಚ್ತೀನಿ, ಮನೇಗ್ ಹೋದ್ಮೇಲೆ ಮತ್ತೆ ಹಾಕ್ಬಿಡ್ತೀನಿ."

ರೇವಣಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ. "ಗಟ್ಟಿಯಾಗೇ ಬಿಗ್ದಿರ್ತೀರಿ. ಮೂರ್ ವಾರ ನನ್ ಮರ್ಯಾದೆ ತೆಗೆದ್ರಿ. ಯಾಕೆ, ತಾಯಿ?"

"ಮೊದ್ಲನೇ ಸಲ ನಮ್ಮಕ್ಕನ ಬೀದೀಲಿ ಟಾಪು ತೆಗುದ್ರು. ಮಾಳಿಗೆ ಮೇಲಿಂದೆಲ್ಲ ಜನ ಬಗ್ಗಿ ಬಗ್ಗಿ ನನ್ ಒಡವೆ ಎಣಿಸಿದ್ರು. ಸಂತೆಗೆ ಹೊಡ್ಕೊಂಡ್ಹೋಗೋ ಹೋರಿ ಥರ ಆಗೋಯ್ತು ನಂಗೆ. ಬ್ಯಾಡ ಅಂದ್ರೆ ಕೇಳೋರಲ್ಲ ಇವ್ರು." ಚೀಲದ ಬಾಯಿ ಬಿಗಿಯುತ್ತ, "ನಿಮ್ಗೆ ತೊಂದ್ರೆ ಆಗ್ತದೆ ಅಂತ ಹೊಳೀಲಿಲ್ಲ, ಅಣ್ಣ," ಎಂದಳು.

ರೇವಣಸಿದ್ದಪ್ಪ ನಟ್ಟನ್ನು ಉರುಳಿಸುತ್ತ ಯೋಚಿಸಿದ. ಹೇಳಿದರೆ ಮನೆ ರಂಪ, ಹೇಳದಿದ್ದರೆ ಗಿರಾಕಿ ದಂಡಿನ ಕಡೆಗೆ. ಆಮೇಲೆ ವೈರು ಬಿಗಿದು, ಕೈ ಒರೆಸಿಕೊಂಡು ಒಳಗೆ ಹೋದ. ಮಜ್ಜಿಗೆ ಕುಡಿಯುತ್ತಿದ್ದ ತಿಮ್ಮಯ್ಯನಿಗೆ, "ಒಂದ್ ಹೊಸ ಸ್ವಿಚ್ಚು ಹಾಕ್ಬೇಕ್ರೀ, ಗೌಡ್ರೇ. ಎರಡ್ನೇದು. ಅಮ್ನೋರು ಕೂರೋ ಕಡೆ," ಎಂದ.

"ಅದ್ಯಾಕೆ?"

"ಇಷ್ಟ್ ದೊಡ್ಡ ಟಾಪು. ಒಬ್ರೇ ಎಳೆದ್ರೆ, ಎಡಗಡೆ ಯಾರ್ದಾದ್ರೂ ಕೈ ಸಿಕ್ರೆ ಏನ್ ಗತಿ? ಇಬ್ರೂ ನೋಡಿ ಒಪ್ಪಿ ಒತ್ತಿದ್ರೇನೇ ಮೋಟಾರು ತಿರಗ್ಬೇಕು. ಇಡೀ ಬೆಂಗಳೂರಲ್ಲಿ ಎರಡು ಸ್ವಿಚ್ಚಿನ ಕಾರು ಇರ್ಲಿಕ್ಕಿಲ್ಲ."

ಕೊನೆಯ ಮಾತು ಕೆಲಸ ಮಾಡಿತು. ತಿಮ್ಮಯ್ಯ ಷಡ್ಡಕನ ಕಡೆ ತಿರುಗಿ, "ಕೇಳಿದ್ಯಾ, ಎರಡು," ಎಂದರು.

ಮುಂದಿನ ಭಾನುವಾರ ಮತ್ತೆ ಅದೇ ಜಗುಲಿ. ತಿಮ್ಮಯ್ಯ ತಮ್ಮ ಸ್ವಿಚ್ಚು ಎಳೆದು ಕಾದರು. ಲಿಂಗಮ್ಮ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಒತ್ತೇ."

"ಬಿಸ್ಲು ಜಾಸ್ತಿ."

"ಎಲ್ಲಾ ನೋಡ್ತಾವ್ರೆ ಕಣೇ."

"ಹೂಂ, ನೋಡ್ತಾವ್ರೆ," ಎಂದು ಆಕೆ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಈ ಸಲ ಬೈಯಲು ಮೆಕ್ಯಾನಿಕ್ಕೂ ಸಿಗಲಿಲ್ಲ, ಮೋಟಾರೂ ಸಿಗಲಿಲ್ಲ. ತಿಮ್ಮಯ್ಯ ಕಾರಿನ ಮಾತೆತ್ತದೆ ಊಟ ಮುಗಿಸಿದರು.

ಹಿಂದಿರುಗುವಾಗ ಇಳಿಹೊತ್ತು. ಎರಡೂ ಕಡೆ ರಾಗಿ ಹೊಲ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಲಿಂಗಮ್ಮ, "ಇಲ್ಲಿ ಒಸಿ ನಿಲ್ಸಿ," ಎಂದಳು. ನಿಲ್ಲಿಸಿದರು. ಆಕೆ ಕೈ ಚಾಚಿ ತನ್ನ ಸ್ವಿಚ್ಚು ಒತ್ತಿ ಹಿಡಿದು ಗಂಡನ ಕಡೆ ನೋಡಿದಳು.

"ಇಲ್ಲಿ ಯಾರಿದಾರೆ ನೋಡಕ್ಕೆ?" ಎಂದರು ತಿಮ್ಮಯ್ಯ.

"ನಾವಿಬ್ರು ಇಲ್ವಾ?"

ತಿಮ್ಮಯ್ಯ ಗೊಣಗುತ್ತಲೇ ತಮ್ಮದನ್ನೂ ಎಳೆದರು. ಟಾಪು ಎದ್ದು ಹಿಂದಕ್ಕೆ ಸರಿಯಿತು. ಲಿಂಗಮ್ಮ ಸೀಟಿಗೆ ತಲೆ ಒರಗಿಸಿ, ಸೆರಗು ಹಾರಿದರೂ ಹಿಡಿಯದೆ, ಸಾಲಾಗಿ ಹೋಗುತ್ತಿದ್ದ ಕೊಕ್ಕರೆಗಳನ್ನು ನೋಡತೊಡಗಿದಳು. ತಿಮ್ಮಯ್ಯ ಎಂದೂ ಓಡಿಸದಷ್ಟು ನಿಧಾನವಾಗಿ ಕಾರು ಓಡಿಸಿದರು.