ಎದುರು ಮನೆಯ ಹಸಿರು ಗೋಡೆ

"ಇನ್ನೊಂದೀಟು ಹಿಂದಕ್ಕ ಸರಿಸ್ರಿ, ಬೆನ್ನು ಗ್ವಾಡಿಗೆ ಹತ್ತಲಿ," ಎಂದರು ಶಾಂತಯ್ಯಸ್ವಾಮಿಗಳು.

ಇಬ್ಬರು ಗಂಡಸರು ದಾಕ್ಷಾಯಿಣಿಯ ಹೆಗಲು ಹಿಡಿದು ಕುರ್ಚಿಯಲ್ಲಿ ನೆಟ್ಟಗೆ ಕೂಡ್ರಿಸಿದರು. ನಸುಕಿನಲ್ಲಿ ಎದೆನೋವು ಎಂದವಳು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಈಗ ಹಣೆಯ ತುಂಬ ವಿಭೂತಿ, ಅಂಗೈಯಲ್ಲಿ ಲಿಂಗ, ಕೊರಳಲ್ಲಿ ಹಾರ. ಬೆನ್ನ ಹಿಂದಿನ ಗೋಡೆ ಬಿಳಿ, ಪಕ್ಕದ್ದು ಬಿಳಿ, ಮೇಲಿನ ಸ್ಲ್ಯಾಬೂ ಬಿಳಿ. ಬೆಂಗೇರಿಯ ಆ ಓಣಿಯಲ್ಲಿ ಸುಣ್ಣದ ಡಬ್ಬಿಯಂತಿದ್ದದ್ದು ಅವಳದೊಂದೇ ಮನೆ. ಉಳಿದ ಮನೆಗಳಿಗೆಲ್ಲ ಬಣ್ಣ ಆರಿಸಿಕೊಟ್ಟವಳೂ ಅವಳೇ. ಇದಕ್ಕೇನನ್ನಬೇಕೋ!

"ನಮ್ಮ ಅಡಗಿಮನಿಗೆ ಎಳೀ ಹಳದಿ ಹಚ್ಚಸು ಅಂದಾಕಿ ಈ ಅಕ್ಕಾನ," ಎಂದು ಹಿಂದಿನ ಮನೆಯ ಮಾಳವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಕತ್ತಲಿ ಖೋಲಿ ಇತ್ತು. ಈಗ ಹಗಲೊತ್ತು ದೀಪ ಹಚ್ಚಂಗಿಲ್ಲ ನಾ."

"ಮತ್ತ ತನ್ನ ಮನಿಗ್ಯಾಕ ಹಚ್ಚಸಲಿಲ್ಲಂತ?" ಎಂದು ಪಕ್ಕದವಳು ಕೇಳಿದಳು.

ಮಾಳವ್ವ ಅವಳನ್ನು ಮೊಳಕೈಯಿಂದ ತಿವಿದಳು. ದಾಕ್ಷಾಯಿಣಿಯ ಗಂಡ ರಾಜಶೇಖರ ಅಲ್ಲೇ ಚಾಪೆಯ ಮೇಲೆ ಕುಳಿತಿದ್ದ. ಅವನಿಗೆ ಕೇಳಿಸಿತ್ತು.

*

ಕಾಲೇಜಿನಲ್ಲಿ ಗುಮಾಸ್ತನಾಗಿದ್ದಾಗಿನಿಂದ ರಾಜಶೇಖರನ ಮನಸ್ಸೆಲ್ಲ ಧಾರವಾಡದಲ್ಲಿ. ನಿವೃತ್ತಿಯಾದ ಮೇಲೆ ಅಲ್ಲಿ ಗಿಡಮರ ಇರುವ ಕಡೆ ಮನೆ ಕಟ್ಟಬೇಕು, ಬೆಂಗೇರಿಯದನ್ನು ಮಾರಬೇಕು.

"ಮಾರೂ ಮನಿಗೆ ಬಿಳೀನ ಛಲೋ. ಕೊಳ್ಳಾಂವಗ ಹಿಡಸಬೇಕಲ್ಲ?" ಎನ್ನುತ್ತಿದ್ದ.

"ಆ ಪುಣ್ಯಾತ್ಮ ಯಾವಾಗ ಬರ್ತಾನ್ರೀ?"

"ಬರ್ತಾನ ತಡಿ. ಧಾರವಾಡಕ್ಕ ಹೋದ ಮ್ಯಾಲ ನಿನ್ನ ಮನಸಿಗೆ ಬಂದ ಬಣ್ಣ ಹಚ್ಚಸೂಣು."

ಬಾರದ ಆ ಗಿರಾಕಿಯ ಮನೆಯಲ್ಲಿ ಅವಳು ಬಾಡಿಗೆಯವಳ ಹಾಗೆ ಬಾಳಿದಳು. ರಾಜಶೇಖರ ನಿವೃತ್ತನಾದ. ಧಾರವಾಡ ಇದ್ದಲ್ಲೇ ಇತ್ತು, ಇವರೂ ಇದ್ದಲ್ಲೇ ಉಳಿದರು.

ಎದುರು ಮನೆಯ ಹಾಜರಾಬಿ ಮಗಳ ಮದುವೆಗೆಂದು ಬಣ್ಣ ಹಚ್ಚಿಸಲು ಹೊರಟಾಗ ದಾಕ್ಷಾಯಿಣಿ, ಉಡಿ ತುಂಬಿದಾಗ ಬಂದಿದ್ದ ಕುಬಸದ ಖಣಗಳನ್ನೆಲ್ಲ ಒಯ್ದು ಪಡಸಾಲೆಯ ಗೋಡೆಗೆ ಟಾಚಣಿ ಚುಚ್ಚಿ ತೂಗುಬಿಟ್ಟಳು. ಮುಂಜಾನೆಯ ಬೆಳಕಿನಲ್ಲಿ ನೋಡಿದಳು, ಇಳಿಹೊತ್ತಿನಲ್ಲಿ ನೋಡಿದಳು, ಒಂದೊಂದೇ ಕೀಳುತ್ತ ಬಂದು ನವಿಲು ಹಸಿರಿನದನ್ನು ಮಾತ್ರ ಉಳಿಸಿದಳು.

"ಭಾಳ ದಟ್ಟ ಆತೇನಕ್ಕಾ?" ಎಂದಳು ಹಾಜರಾಬಿ.

"ನಾಕೂ ಗ್ವಾಡಿಗೆ ಹಚ್ಚಿದರ ಬಾವ್ಯಾಗ ಕುಂತಂಗ ಆಕ್ಕೈತಿ. ಬಾಗಲಾ ತಗದ ಕೂಡ್ಲೆ ಕಾಣೂ ಗ್ವಾಡಿ ಒಂದಕ್ಕ ಸಾಕು. ಉಳದ ಮೂರಕ್ಕ ಗೋದಿಹಿಟ್ಟಿನ ಬಣ್ಣ. ದಿವಾನದ ಮ್ಯಾಲ ಇಟ್ಟಂಗಿ ಕೆಂಪಿನವು ಎರಡ ದಿಂಬು ಇಡು. ಮತ್ತೇನೂ ಬ್ಯಾಡ ನೋಡು, ಹೂವಿನ ಪರದೆ ಅಂತೂ ಬ್ಯಾಡೇ ಬ್ಯಾಡ."

ಬಣ್ಣ ಒಣಗಿದ ದಿನ ಅವಳು ಆ ಗೋಡೆಯ ಮುಂದೆ ಕುಳಿತವಳು ಚಹಾ ಆರಿದರೂ ಏಳಲಿಲ್ಲ. ಆಮೇಲೆ ಸಂಜೆಯಾದರೆ ಸಾಕು, ಎದುರು ಮನೆಗೆ. ಹರಟೆಗೆ ಹೋಗುತ್ತಾಳೆ ಎಂದುಕೊಂಡಿದ್ದ ರಾಜಶೇಖರ.

*

ಹಾಜರಾಬಿ ಬಂದು ಅವನ ಹತ್ತಿರ ಕುಕ್ಕರಿಸಿದಳು. ಅತ್ತು ಅತ್ತು ದನಿ ಬಿದ್ದಿತ್ತು.

"ಅಣ್ಣಾರ, ಅಕ್ಕ ನಿನ್ನೆ ಸಂಜಿಕೂ ಬಂದಿದ್ದಳ್ರಿ. ಮಾತಿಲ್ಲ ಕತಿಯಿಲ್ಲ, ಆ ಗ್ವಾಡಿ ನೋಡಕೋತ ಕುಂತಿದ್ದಳು. 'ಇದು ನಾ ನನ್ನ ಮನಿಗಂತ ಇಟ್ಟಕೊಂಡಿದ್ದ ಬಣ್ಣ ಹಾಜರಾ, ತಡದು ತಡದು ಸಾಕಾತು, ನಿನ್ನ ಮನ್ಯಾಗರ ಇರ್ಲಿ' ಅಂದಳು."

ರಾಜಶೇಖರ ಹೆಂಡತಿಯ ಮುಖ ನೋಡಿದ. ಅವಳ ಬೆನ್ನ ಹಿಂದಿನ ಬಿಳಿಯನ್ನು ನೋಡಿದ. ಮಣ್ಣಿಗೆ ಒಯ್ಯಲು ಇನ್ನೂ ಹೊತ್ತಿದೆ, ಅಷ್ಟರೊಳಗೆ ಅವಳಿಗೆ ಆ ಹಸಿರನ್ನು ಕೊಡಬೇಕು ಎಂದು ಜೀವ ಚಡಪಡಿಸಿತು.

"ಆಕಿನ್ನ ಒಂದೀಟು ಹೊತ್ತು ಹಾಜರಾಬಿ ಮನಿಗೆ ಒಯ್ಯೂಣು," ಎಂದ.

ಅವನ ಅಕ್ಕ ದಾನವ್ವ ಬೆಚ್ಚಿದಳು. "ತಮ್ಮಾ, ತಲಿ ಗಿಲಿ ಕೆಟ್ಟೈತೇನು? ಹೆಣಾ ಮಂದಿ ಮನಿಗೆ ಒಯ್ತಾರ?"

"ಮಂದಿ ಮನಿ ಅಲ್ರೀ ಅಕ್ಕಾರ," ಎಂದಳು ಹಾಜರಾಬಿ. "ತರ್ರಿ ನೀವು."

ಶಾಂತಯ್ಯಸ್ವಾಮಿಗಳು ಗದರಲಿಲ್ಲ, ತಲೆಯಾಡಿಸಿದರು. "ಹಂಗ ಬರಂಗಿಲ್ರಿ ರಾಜಶೇಖರಪ್ಪಾ. ಹೊಸ್ತಿಲಾ ದಾಟಿದ ಮ್ಯಾಲ ಮಣ್ಣಿಗೇ ಹೋಗಬೇಕು, ಇನ್ನೊಂದ ಹೊಸ್ತಿಲಾ ತುಳಿಯಂಗಿಲ್ಲ."

ಹಾಜರಾಬಿ ಎದ್ದು ಓಣಿ ದಾಟಿ ತನ್ನ ಮನೆಗೆ ಹೋದಳು. ಪರದೆ ಸರಿಯಿತು. ಬಾಗಿಲ ಎರಡೂ ಕದ ಗೋಡೆಗೆ ಹತ್ತಿದವು. ದಿವಾನ ಎಳೆದ ಸದ್ದಾಯಿತು. ಒಳಗೆ ದೀಪ ಹತ್ತಿದಾಗ ಇಲ್ಲಿಂದಲೇ ಕಂಡಿತು, ಆ ಹಸಿರು.

"ಅಯ್ಯಾರ, ಆಕಿ ಮಾರಿ ಆ ಕಡೆ ಮಾಡಿದರ ಅಡ್ಡಿ ಇಲ್ಲಲ್ರೀ?" ರಾಜಶೇಖರ ಎದ್ದು ಕುರ್ಚಿಯ ತೋಳಿಗೆ ಕೈಹಾಕಿದ.

ಸ್ವಾಮಿಗಳು ಓಣಿಯಾಚೆ ನೋಡಿದರು. "ಅದಕ್ಕೇನಡ್ಡಿ? ತಿರುಗಿಸ್ರಪಾ."

ಕುರ್ಚಿ ತಿರುಗಿತು. ಭಜನೆಯವರು ತಾಳ ಎತ್ತಿಕೊಂಡರು. ವಿದ್ಯಾನಗರದಿಂದ ಬಂದ ನೆಂಟರು ಹಾರ ಹಿಡಿದು ಬಾಗಿಲಿಗೆ ಮುತ್ತಿದರು. ರಾಜಶೇಖರ ಮುಂದೆ ಹೋಗಿ ಮೊದಲಿನವನ ಮೊಳಕೈ ಹಿಡಿದ.

"ಒಂದೀಟು ಬಾಜೂ ಸರೀರಿ. ಆಕಿಗೆ ಗ್ವಾಡಿ ಕಾಣವಲ್ದು."

ಆ ನೆಂಟ ಕಕ್ಕಾಬಿಕ್ಕಿಯಾಗಿ ದಾಕ್ಷಾಯಿಣಿಯ ಮುಚ್ಚಿದ ಕಣ್ಣುಗಳನ್ನು ನೋಡಿದ. ಆಮೇಲೆ ಸರಿದು ನಿಂತ. ಅವನ ಹಿಂದಿನವರೂ ಸರಿದರು. ಬಂದವರೆಲ್ಲ ಬಾಗಿಲ ಎರಡು ಬದಿಗೆ ಒತ್ತಿಕೊಂಡು ನಿಂತರು. ನಡುವಿನ ಜಾಗದಲ್ಲಿ ಯಾರೂ ಕಾಲಿಡಲಿಲ್ಲ.