ಮೂರು ಸಲ ಅಳೆದ ಹಾಯಿ

ಹತ್ತು ಜನ ಸೇರಿ ಒಬ್ಬರ ತಲೆಗೆ ಕಟ್ಟುವುದಕ್ಕೆ ಸಂಘವೆಂದು ಹೆಸರು. ಪುಟ್ಟ ಹಾಯಿದೋಣಿ ಸಂಘದಲ್ಲಿ ಆ ತಲೆ ಕನ್ನಡಕದಂಗಡಿಯ ಅಕ್ಕನದು. ಏಳು ವರ್ಷದಿಂದ ಆಕೆ ಕಾರ್ಯದರ್ಶಿ: ಕಾರ್ಯವೆಲ್ಲ ಅಕ್ಕನದು, ದರ್ಶನ ಮಾತ್ರ ಉಳಿದವರದು. ಪತ್ರ ಬರೆಯುವವಳು ಅವಳೇ, ನೀರಿನ ಮೇಲಿನ ಗುರುತಿನ ಡಬ್ಬಗಳಿಗೆ ಬಣ್ಣ ಬಳಿಯುವವಳೂ ಅವಳೇ. ಸೋತವರ ತಕರಾರಿಗೂ ಗೆದ್ದವರ ಬಡಾಯಿಗೂ ಇದ್ದದ್ದು ಅವಳ ಎರಡೇ ಕಿವಿ.

ಈ ದೋಣಿಗಳಿಗೆ ಒಂದೇ ಧರ್ಮ: ಎಲ್ಲವೂ ಒಂದೇ ಅಳತೆಯಲ್ಲಿರಬೇಕು. ಗೆದ್ದರೆ ಕೈಚಳಕದಿಂದ ಗೆಲ್ಲಬೇಕು, ದೊಡ್ಡ ಹಾಯಿಯಿಂದಲ್ಲ. ಅದಕ್ಕೇ ಪ್ರತಿವರ್ಷ ಪಂದ್ಯಕ್ಕೆ ಮುಂಚಿನ ಭಾನುವಾರ ಶಾಲೆಯ ಹಾಲಿನ ನೆಲದ ಮೇಲೆ ಹಾಯಿಗಳನ್ನೆಲ್ಲ ಹಾಸಿ ಅಳೆಯುತ್ತಿದ್ದರು. ಈ ಸಲ ಹಳೆಯ ಟೇಪು ತುಕ್ಕು ಹಿಡಿದಿತ್ತೆಂದು ಅಕ್ಕ ಹೊಸದು ತಂದಿದ್ದಳು.

“ಅಕ್ಕಾ, ಇದು ಎರಡು ಸೆಂಟಿಮೀಟರ್ ಗಿಡ್ಡ,” ಎಂದಳು ಮಂಡಿಯೂರಿ ಕೂತಿದ್ದ ಹಾಯಿ ಹೊಲಿಯುವಾಕೆ. ಎರಡನೆಯದೂ ಅಷ್ಟೇ. ಮೂರನೆಯದೂ.

“ಒಗೆದು ಕುಗ್ಗಿರ್ಬೇಕು,” ಎಂದರು ಅಧ್ಯಕ್ಷರು. ಎಲೆ ಅಲುಗಿದರೆ ದೋಣಿ ಬಿಟ್ಟು ಮನೆ ಸೇರುವ ಅವರನ್ನು ಎಲ್ಲರೂ ‘ಬಿರುಗಾಳಿ’ ಎನ್ನುತ್ತಿದ್ದರು. “ನನ್ನ ಪ್ಯಾಂಟೂ ವರ್ಷವರ್ಷ ಕುಗ್ತಾನೇ ಇದೆ.”

“ಕುಗ್ತಿರೋದು ಪ್ಯಾಂಟಲ್ಲ ಬಿಡಿ ಸಾರ್, ಒಳಗಿರೋದು ಹಿಗ್ತಿದೆ!” ಎಂದಳು ಹೊಲಿಯುವಾಕೆ.

ಹಾಲೆಲ್ಲ ನಕ್ಕಿತು. ಅಕ್ಕ ನಗಲಿಲ್ಲ. ಅವಳು ಎರಡೂ ಟೇಪುಗಳನ್ನು ಎಳೆದು ಪಕ್ಕಪಕ್ಕ ಇಟ್ಟು ನೋಡುತ್ತಿದ್ದಳು. ಹಳೆಯದರ ತುದಿ ಎಂದೋ ಎರಡು ಸೆಂಟಿಮೀಟರ್ ಮುರಿದಿತ್ತು, ಯಾರೋ ಪುಣ್ಯಾತ್ಮರು ಮುರಿದ ಜಾಗಕ್ಕೇ ಕೊಕ್ಕೆ ಕೂರಿಸಿದ್ದರು. ಹಿಂದಿನ ಕಾರ್ಯದರ್ಶಿ ಹತ್ತರ ಗೆರೆಯಿಂದ ಹಿಡಿದು, ಕೊನೆಗೆ ಹತ್ತು ಕಳೆಯುತ್ತಿದ್ದರಂತೆ. ಅಧಿಕಾರ ಒಪ್ಪಿಸುವಾಗ ಬೀಗದ ಕೈ ಕೊಟ್ಟರು, ಮೊಹರು ಕೊಟ್ಟರು, ಟೇಪು ಕೊಟ್ಟರು, ಆ ಒಂದು ಮಾತು ಮಾತ್ರ ಕೊಡಲು ಮರೆತರು. ಅಳೆಯುವವರು ನೋಡುವುದು ಕೊನೆಯ ಅಂಕಿಯನ್ನು. ಮೊದಲನೆಯದನ್ನು ಯಾರು ನೋಡುತ್ತಾರೆ? ಏಳು ವರ್ಷ ಅಕ್ಕ ಮುರಿದ ತುದಿಯಿಂದಲೇ ಅಳೆದಳು. ಆ ಟೇಪಿಗೆ ಸರಿಹೋಗಲೆಂದು ಹೊಲಿಯುವಾಕೆ ಎಲ್ಲರ ಹಾಯಿಯ ಅಂಚನ್ನೂ ಎರಡು ಸೆಂಟಿಮೀಟರ್ ಮಡಿಸಿ ಹೊಲಿದಳು.

ಒಬ್ಬನದನ್ನು ಬಿಟ್ಟು. ಐದು ವರ್ಷದ ಹಿಂದೆ ಅಕ್ಕನ ಸ್ವಂತ ತಮ್ಮ ಬೇರೆ ಊರಿನಲ್ಲಿ ನಿಯಮದ ಪುಸ್ತಕ ನೋಡಿ ಹಾಯಿ ಹೊಲಿಸಿದ್ದ. ಅದು ಪಂದ್ಯದ ದಿನ ಬೆಳಿಗ್ಗೆ ಬಂತು. ಗೆದ್ದರೆ ಅಳೆಯೋಣ ಎಂದರು. ಗೆದ್ದ. ಅಳೆದರೆ ಎರಡು ಸೆಂಟಿಮೀಟರ್ ಹೆಚ್ಚು. ಅವನನ್ನು ಪಂದ್ಯದಿಂದ ಹೊರಗಿಟ್ಟರು. ಟ್ರೋಫಿ ಎರಡನೆಯವರಿಗೆ ಹೋಯಿತು. ಎರಡನೆಯವಳು ಅಕ್ಕ.

“ಬಿಡಮ್ಮ, ಯಾರಿಗೂ ಅನ್ಯಾಯ ಆಗಿಲ್ಲ,” ಎಂದರು ಬಿರುಗಾಳಿ. “ಎಲ್ಲರದೂ ಸಮನಾಗೇ ಗಿಡ್ಡ. ಸತ್ತ ಹಾವು ಹೊಡೆದು ಏನು ಬಂತು?”

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು.

ತಮ್ಮನ ಬೀಗದಂಗಡಿಯ ಮುಂದೆ ಬಿಸಿಲಿಗೆ ಮರೆಯಾಗಿ ಆ ಹಾಯಿಯನ್ನೇ ಕಟ್ಟಲಾಗಿತ್ತು, ದೋಣಿಯ ನಂಬರು ಇನ್ನೂ ಕಾಣುತ್ತಿತ್ತು. ಅವನು ಕೀಲಿಯೊಂದಕ್ಕೆ ಅರ ಹಾಕುತ್ತಿದ್ದ. ಗಿರಾಕಿಯೊಬ್ಬರು ಕಾಯುತ್ತ ಕೂತಿದ್ದರು.

“ನಿನ್ನ ಹಾಯಿ ಸರಿಯಾಗೇ ಇತ್ತು ಕಣೋ,” ಎಂದಳು ಅಕ್ಕ ದನಿ ತಗ್ಗಿಸಿ. ಟೇಪಿನ ಕಥೆಯನ್ನೆಲ್ಲ ಹೇಳಿದಳು.

ತಮ್ಮ ಅರ ಕೆಳಗಿಟ್ಟ. ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಥೇಟು ಅಕ್ಕನ ದನಿಯಲ್ಲೇ ಹೇಳಿದ: “‘ಮೂರು ಸಲ ಅಳೆದಿದ್ದೀನಿ. ಟೇಪಿಗೆ ತಮ್ಮ ಅಂತ ಗೊತ್ತಾಗಲ್ಲ.’”

ಗಿರಾಕಿಗೆ ನಗು ಬಂತು. ಅಕ್ಕನ ಕಿವಿ ಬಿಸಿಯಾಯಿತು.

“ಹಾಗೇ ಅಂದಿದ್ದೆ,” ಎಂದಳು.

“ಟೇಪು ಮುರೀಲಿ, ಮನುಷ್ಯರ ಮೂಳೆಯೇ ಮುರಿಯುತ್ತೆ. ಬೇರೆ ಟೇಪು ತರಿಸು ಅಂತ ನಾನು ಬಾಯಿ ಬಡ್ಕೊಂಡೆನಲ್ಲ, ಯಾಕೆ ತರಿಸ್ಲಿಲ್ಲ? ಅಷ್ಟು ಜನರ ಮುಂದೆ ಕಳ್ಳ ಆದೆ. ಈಗ ಅಂಗಡಿಗೆ ಬಂದು ಕಿವೀಲಿ ಪಿಸುಗುಟ್ತೀಯಾ?”

ಸಂಘದ ಟೇಪೇ ಪ್ರಮಾಣ ಎಂಬ ನಿಯಮ ನಾಲಿಗೆಯ ತುದಿಗೆ ಬಂತು. ಅಕ್ಕ ಅದನ್ನು ನುಂಗಿದಳು. ಮನೆಗೆ ನಡೆಯುವಾಗಲೂ ಆ ‘ಯಾಕೆ’ ಬೆನ್ನು ಬಿಡಲಿಲ್ಲ.

ಮುಂದಿನ ಭಾನುವಾರ ಪಂದ್ಯಕ್ಕೆ ಮೊದಲು, ದೋಣಿಮನೆಯ ಮೆಟ್ಟಿಲ ಮೇಲೆ ನಿಂತು ಅಕ್ಕ ಕಾಗದ ಓದಿದಳು. ಆ ವರ್ಷದ ಫಲಿತಾಂಶ ತಪ್ಪು, ಗೆದ್ದವನು ತಮ್ಮ, ತನ್ನ ಹೆಸರು ಅಳಿಸತಕ್ಕದ್ದು, ತನ್ನ ರಾಜೀನಾಮೆ ಸ್ವೀಕರಿಸತಕ್ಕದ್ದು. ರಾಜೀನಾಮೆ ಎಂಬ ಮಾತು ಬಿದ್ದದ್ದೇ ತಡ, ಎಲ್ಲರೂ “ಛೆ ಛೆ, ಬೇಡ ಬೇಡ” ಎಂದು ಹೌಹಾರಿದರು. ಪ್ರೀತಿಯೂ ಇದ್ದೀತು, ಆ ಕುರ್ಚಿ ಯಾರ ತಲೆಗೆ ಬಂದೀತೋ ಎಂಬ ದಿಗಿಲಂತೂ ಇದ್ದೇ ಇತ್ತು.

ಕಾಗದ ಮುಗಿಯಿತು. ಅಕ್ಕ ಇಳಿಯಲಿಲ್ಲ.

“ಇನ್ನೊಂದು ಇದೆ, ಇದರಲ್ಲಿ ಬರೆದಿಲ್ಲ,” ಎಂದಳು. “ತಮ್ಮ ಅವತ್ತೇ ಬೇರೆ ಟೇಪು ತರಿಸು ಅಂದ. ಕೂಗಿದ್ರೆ ಕೇಳೋಷ್ಟು ಹತ್ತಿರ ಟೇಪು ಮಾರೋ ಅಂಗಡಿ ಇತ್ತು. ನಾನು ತರಿಸ್ಲಿಲ್ಲ. ಎರಡನೆಯವಳು ನಾನಾಗಿದ್ದೆ. ನಂಗೆ ಗೆಲ್ಲಬೇಕಿತ್ತು.”

ಕೊನೆಯ ಮಾತಿಗೆ ದನಿ ಉಡುಗಿಹೋಯಿತು. ಗಾಳಿಗೆ ಹಗ್ಗಗಳು ದೋಣಿಕಂಬಗಳಿಗೆ ಟಪಟಪ ಬಡಿಯುತ್ತಿದ್ದವು.

“ಅಕ್ಕಾ,” ಗೇಟಿನ ಹತ್ತಿರದಿಂದ ತಮ್ಮನ ದನಿ ಬಂತು, “ಹಿಂದೆ ಕೇಳಿಸ್ಲಿಲ್ಲ. ಜೋರಾಗಿ ಹೇಳು.”

ಅಕ್ಕ ಕನ್ನಡಕ ತೆಗೆದು ಕೈಯಲ್ಲಿ ಹಿಡಿದಳು. ಮೊದಲಿನಿಂದ, ಜೋರಾಗಿ ಹೇಳಿದಳು.