ಮೊಣಕಾಲಿನ ಸೂಜಿ

ನನ್ನ ಹೆಂಡತಿ ಮಾಕ್‌ಸುನ್‌ಗೆ ಮೇದೋಜೀರಕದ ಕ್ಯಾನ್ಸರ್. ಕತ್ತರಿಸಿ ತೆಗೆದರೂ ಮತ್ತೆ ಚಿಗುರುವ ಹಾಳು ಜಾತಿಯದು. ಡೇಗು ನಗರದ ಆಸ್ಪತ್ರೆಯಲ್ಲಿ ಹೊಸ ಲಸಿಕೆಯ ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಂಡಾಗ, ಮೊಮ್ಮಗಳ ವಯಸ್ಸಿನ ಡಾಕ್ಟರ್ ಪ್ಯೋ ನಮಗೆ ಬಿಡಿಸಿ ಹೇಳಿದ್ದಳು.

"ತಾತ, ಈ ಗೆಡ್ಡೆ ವೇಷ ಹಾಕ್ಕೊಂಡು ಕೂತಿರುತ್ತೆ. ಮೈಯೊಳಗಿನ ಕಾವಲುಗಾರರಿಗೆ ಕಾಣಲ್ಲ. ಅದರ ಗುರುತನ್ನ ನ್ಯಾನೋ ಕಣ, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಬ್ಬಿನ ಹನಿಯೊಳಗೆ ತುಂಬಿ ಅವರ ಹತ್ರ ಕಳಿಸ್ತೀವಿ. ಸ್ಟಿರಾಯ್ಡ್ ಮಾತ್ರ ಮುಟ್ಟಬೇಡಿ. ಅದು ಕಾವಲುಗಾರರನ್ನ ಮಲಗಿಸಿಬಿಡುತ್ತೆ."

ಇಬ್ಬರೂ ಜೋರಾಗಿ ತಲೆಯಾಡಿಸಿ ಬಂದೆವು.

ಮೊದಲ ಚುಚ್ಚುಮದ್ದಿನ ದಿನ ನರ್ಸ್ ನಕ್ಕಳು. "ಅಜ್ಜಿ, ಹೋದ ಸಲ ಕುಂಟ್ತಿದ್ರಿ, ಇವತ್ತು ಮದುವೆ ಹೆಣ್ಣಿನ ಥರ ನಡೀತಿದೀರಲ್ಲ!"

ನನಗೆ ಮಾತಾಡಲು ಅಷ್ಟು ಸಾಕು. "ಅದಾ? ಕಿಮ್ಚಿ ಹಾಕೋಕೆ ಮುಂಚೆ..." ಅನ್ನುವಷ್ಟರಲ್ಲಿ ಮಾಕ್‌ಸುನ್ ನನ್ನ ತೊಡೆ ಚಿವುಟಿದಳು.

ಚಳಿಗಾಲಕ್ಕೆಂದು ಕಿಮ್ಚಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿ, ಹಾಕುವ ಮುನ್ನ ನಮ್ಮೂರ ಮುದುಕಿಯರೆಲ್ಲ ಊರ ಕ್ಲಿನಿಕ್ಕಿಗೆ ಹೋಗಿ ಮೊಣಕಾಲಿಗೆ 'ಮೂಳೆ ಸೂಜಿ' ಹಾಕಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಕುಕ್ಕರುಗಾಲಲ್ಲಿ ಕೂತು ಅಷ್ಟೊಂದು ಎಲೆಕೋಸಿಗೆ ಖಾರ ಮೆತ್ತುವುದು ಯಾರಿಂದಾದೀತು? ಅದನ್ನು ಔಷಧಿಯೆಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನರ್ಸ್ ಅತ್ತ ಹೋದಳು. "ಯಾಕೇ ಚಿವುಟಿದೆ?"

"ಬಾಯಿ ಮುಚ್ರೀ. ಆ ಮೂಳೆ ಸೂಜೀಲಿರೋದೇ ಸ್ಟಿರಾಯ್ಡಂತೆ. ಪಕ್ಕದ ಮನೆ ಸೊಸೆ ನಿನ್ನೆ ಹೇಳಿದ್ಲು."

"ಅಯ್ಯೋ! ಡಾಕ್ಟರಿಗೆ ಹೇಳ್ಬೇಕಲ್ವೇನೇ?"

"ಹೇಳಿದ್ರೆ ಮನೆಗೆ ಅಟ್ತಾರೆ. ನಾನು ಕಾಯ್ತೀನಿ, ಗೆಡ್ಡೆ ಕಾಯುತ್ತಾ?" ಹೊಟ್ಟೆ ಒತ್ತಿಕೊಂಡಳು. "ಇದೇ ನನ್ನ ಕೊನೇ ಕಿಮ್ಚಿ ಆದ್ರೆ ಮಕ್ಕಳು ಅಂಗಡೀದು ತಿನ್ಬೇಕಾ ಅಂತ ಹಾಕಿಸ್ಕೊಂಡೆ. ಹುಟ್ಟಿದಾಗಿಂದ ಬಡ್ಕೊಂಡಿದೀರಿ, ಇವತ್ತೊಂದಿನ ಸುಮ್ನಿರಿ."

ಪ್ಯೋ ಬಂದಳು. ಹಿಂದೆಯೇ ನರ್ಸ್, ಕೈಯಲ್ಲಿ ಐಸ್ ಪೆಟ್ಟಿಗೆ. ಒಳಗಿದ್ದದ್ದು ಮಾಕ್‌ಸುನ್‌ಳ ಗೆಡ್ಡೆ ನೋಡಿ ಅವಳೊಬ್ಬಳಿಗೇ ಮಾಡಿದ ಲಸಿಕೆ. ಒಮ್ಮೆ ಕರಗಿಸಿದರೆ ಮತ್ತೆ ಹೆಪ್ಪುಗಟ್ಟಿಸುವಂತಿಲ್ಲ.

"ಬೇರೆ ಯಾವ್ದಾದ್ರೂ ಔಷಧಿ ತಗೊಂಡ್ರಾ, ಅಜ್ಜಿ?"

"ಇಲ್ಲಮ್ಮ."

"ಸರಿ, ಕರಗಿಸಿ."

ನರ್ಸ್ ಮುಚ್ಚಳಕ್ಕೆ ಕೈ ಹಾಕಿದಳು. ಮಾಕ್‌ಸುನ್ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದಳು. ಸುಮ್ಮನಿದ್ದರೆ ಸೂಜಿ ಸಿಗುತ್ತದೆ, ನಿಜ. ಒಳಗೆ ಕಾವಲುಗಾರರು ಗೊರಕೆ ಹೊಡೆಯುತ್ತಿದ್ದರೆ ಆ ಸೂಜಿ ಯಾವ ಸುಖಕ್ಕೆ?

"ನಿಲ್ಸಮ್ಮ!" ಅಂದೆ. ಎಲ್ಲ ಹೇಳಿಬಿಟ್ಟೆ.

ಪ್ಯೋಳ ಮುಖ ಬಿಳುಪಾಯಿತು. "ಸದ್ಯ, ಕರಗಿಸೋಕೆ ಮುಂಚೆ ಹೇಳಿದ್ರಿ. ಮೈಯಿಂದ ಸ್ಟಿರಾಯ್ಡ್ ಇಳೀಲಿ, ಒಂದು ತಿಂಗಳು ಬಿಟ್ಟು ಬನ್ನಿ. ಮೊದಲು ಸ್ಕ್ಯಾನ್. ಅಷ್ಟರಲ್ಲಿ ಲಿವರ್‌ಗೆ ಹರಡಿದ್ರೆ ಮಾತ್ರ... ನನ್ನ ಕೈಲಿ ಏನೂ ಇಲ್ಲ, ತಾತ."

ಬಸ್ಸಿನಲ್ಲಿ ಮಾಕ್‌ಸುನ್ ಒಂದೇ ಮಾತು ಆಡಿದಳು. "ನಿಮ್ಮ ನಾಲಿಗೇನೇ ನನ್ನ ಕೊಂದಿದ್ದು."

ಆಮೇಲೆ ತಿಂಗಳಿಡೀ ಮಾತಿಲ್ಲ. ಅನ್ನ ಬಡಿಸಿದಳು, ಸಾರು ಬಡಿಸಿದಳು, ಕಿಮ್ಚಿ ಮಾತ್ರ ಬಡಿಸಲಿಲ್ಲ. ನಮ್ಮಲ್ಲಿ ಜೈಲಿನಲ್ಲೂ ಅಂಥ ಊಟ ಹಾಕುವುದಿಲ್ಲ! ನಾನು ಅದನ್ನೇ ನುಂಗಿದೆ. ಅವಳು ಹೊಟ್ಟೆ ಮುಟ್ಟಿಕೊಂಡಾಗಲೆಲ್ಲ ಕ್ಯಾಲೆಂಡರಿನಲ್ಲಿ ಉಳಿದ ದಿನ ಎಣಿಸುತ್ತಿದ್ದೆ.

ಸ್ಕ್ಯಾನ್ ದಿನ ಪ್ಯೋ ಪರದೆಯನ್ನು ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು.

"ಹರಡಿಲ್ಲ," ಅಂದಳು. "ತೋಳು ಕೊಡಿ, ಅಜ್ಜಿ."

ಮರುದಿನ ತೋಳು ಕೆಂಪು ಮೆಣಸಿನಕಾಯಿಯಂತೆ ಊದಿತು. ಹಲ್ಲು ಕಟಕಟಿಸುವ ಜ್ವರ. ಫೋನಿನಲ್ಲಿ ಪ್ಯೋ, "ಕಾವಲುಗಾರರು ಎದ್ದಿರಬಹುದು, ತಾತ. ಕಳ್ಳನ್ನ ಹಿಡೀತಾರಾ ಅನ್ನೋದು ಮುಂದೆ ನೋಡಬೇಕು," ಅಂದಳು.

"ಕೇಳಿಸ್ತೇನೇ?" ಅಂದೆ.

ರಜಾಯಿಯೊಳಗಿಂದ ನಡುಗುವ ದನಿ ಬಂತು. "ಕೇಳಿಸ್ತು. ಊರಿಗೆಲ್ಲ ಸಾರಬೇಡಿ. ಹೋಗಿ, ಕಿಮ್ಚಿ ತೆಕ್ಕೊಂಡು ತಿನ್ನಿ."